ಮನೆಯ ಲೇತ್‌ನಲ್ಲಿ ಅಲ್ಯೂಮಿನಿಯಂಗೆ ನುಣುಪು ಫಿನಿಶ್: ಟೂಲ್ ಸಾಣೆಯಿಂದ ಕೊನೆಯ ಕಟ್‌ವರೆಗೆ

ನನ್ನ ಮೇಜಿನ ಮೇಲೆ ಎರಡು ಅಲ್ಯೂಮಿನಿಯಂ ಬಿಲ್ಲೆಗಳಿವೆ. ಯೆಜ್ಡಿ ಬೈಕಿನ ಹ್ಯಾಂಡಲ್ ತುದಿಗೆಂದು ಮಾಡಿದವು. ಒಂದೇ ರಾಡ್‌ನಿಂದ ಕತ್ತರಿಸಿ, ಒಂದೇ ಲೇತ್‌ನಲ್ಲಿ ಟರ್ನಿಂಗ್ ಮಾಡಿದ್ದು, ಅಂದರೆ ರಾಡನ್ನು ತಿರುಗಿಸುತ್ತಾ ಟೂಲ್‌ನಿಂದ ಹೆರೆದದ್ದು. ಮೊದಲನೆಯದನ್ನು ಬೆಳಕಿಗೆ ಹಿಡಿದರೆ ಮೈಯೆಲ್ಲ ಮಂಜು ಮಂಜು, ಉಗುರಿನಿಂದ ಗೀರಿದರೆ ಗರಗರ. ಎರಡನೆಯದರಲ್ಲಿ ಕಿಟಕಿಯ ಸರಳುಗಳು ಕಾಣುತ್ತವೆ. ಇವೆರಡರ ನಡುವೆ ಮೂರು ತಿಂಗಳು ಕಳೆದಿತ್ತು. ಅಷ್ಟರಲ್ಲಿ ನಾನು ಲೇತ್ ಬದಲಿಸಿರಲಿಲ್ಲ, ದುಬಾರಿ ಟೂಲ್ ಕೊಂಡಿರಲಿಲ್ಲ. ಟೂಲ್‌ನ ಅಂಚನ್ನು ನೋಡುವುದನ್ನು ಕಲಿತಿದ್ದೆ.

ಮೈಸೂರಿನಲ್ಲಿ ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಇಂಥ ಕೆಲಸ ಮುಗಿಯುವುದೇ ಇಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಬೈಕುಗಳು ಇನ್ನೂ ಓಡುತ್ತಿವೆ. ಸ್ಪೇಸರ್, ಬುಷ್, ನಾಬ್ ಎಂದು ಒಂದಲ್ಲ ಒಂದು ಬೇಕಾಗುತ್ತಲೇ ಇರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ಉದಾಹರಣೆಗಳೆಲ್ಲ ಅಂಥ ಸಣ್ಣ ಜಾಬ್‌ಗಳವೇ, ಅಂದರೆ ಲೇತ್‌ಗೆ ಹಾಕಿ ಮಾಡುವ ತುಂಡುಗಳವೇ. ಲೇತ್ ಕೂಡ ಮೇಜಿನ ಮೇಲೆ ಕೂರುವ ಸಣ್ಣದು, 2500 ಆರ್‌ಪಿಎಂವರೆಗೆ ತಿರುಗುವಂಥದ್ದು.

ಮೊದಲೇ ಒಂದು ಮಾತು. ಹೊಳಪು ಹುಟ್ಟಬೇಕಾದದ್ದು ಟೂಲ್‌ನ ಅಂಚಿನಲ್ಲಿ. ಹರಿದುಹೋದ ಮೈಯನ್ನು ಎಮರಿ ಪೇಪರ್ ಹಾಕಿ ಎಷ್ಟು ತಿಕ್ಕಿದರೂ ಆ ಹರಕೇ ಹೊಳೆಯುತ್ತದೆ, ಮೈ ನುಣುಪಾಗುವುದಿಲ್ಲ. ಅಳತೆಯೂ ಕೆಡುತ್ತದೆ.

ಅಲ್ಯೂಮಿನಿಯಂ ಅಂಟುವುದು ಏಕೆ

ಅಲ್ಯೂಮಿನಿಯಂ ಮೆತ್ತಗಿನ ಲೋಹ, 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕಟ್ ಆಗುವ ಜಾಗದಲ್ಲಿ ಒತ್ತಡವೂ ಬಿಸಿಯೂ ಸೇರಿದಾಗ ಚಿಪ್‌ನ, ಅಂದರೆ ಹೆರೆದು ಬರುವ ಲೋಹದ ಸಿಪ್ಪೆಯ, ಚೂರು ಟೂಲ್‌ನ ತುದಿಗೆ ಬೆಸೆದುಕೊಳ್ಳುತ್ತದೆ. ನಮ್ಮ ಕಡೆ ಮುದ್ದೆ ಕಟ್ಟಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕೈ ಒದ್ದೆ ಮಾಡಿಕೊಳ್ಳದೆ ಬಿಸಿ ಹಿಟ್ಟಿಗೆ ಕೈ ಹಾಕಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಒಂದು ಪದರ ಅಂಟಿದ ಮೇಲೆ ಅದರ ಮೇಲೆ ಇನ್ನೊಂದು ಅಂಟುತ್ತದೆ. ತುದಿಯಲ್ಲಿ ಗಂಟು ಕಟ್ಟುತ್ತದೆ. ಆಮೇಲೆ ಕತ್ತರಿಸುವುದು ನೀವು ಸಾಣೆ ಹಿಡಿದ ಅಂಚಲ್ಲ, ಆ ಮೊಂಡು ಗಂಟು. ಅದು ಆಗಾಗ ಕಿತ್ತು ಬರುತ್ತದೆ. ಅರ್ಧ ಚಿಪ್ ಜೊತೆ ಹೋಗುತ್ತದೆ, ಉಳಿದರ್ಧ ಜಾಬ್‌ನ ಮೈಗೆ ಮೆತ್ತಿಕೊಳ್ಳುತ್ತದೆ. ಮೊದಲ ಬಿಲ್ಲೆಯ ಮೇಲಿರುವ ಮಂಜು ಇದೇ.

ಮುಂದೆ ಹೇಳುವ ಹೆಚ್ಚಿನ ಹಂತಗಳು ಈ ಗಂಟು ಕಟ್ಟದಂತೆ ತಡೆಯುವುದಕ್ಕಾಗಿಯೇ ಇವೆ. ಅಂಚು ಹರಿತವಾಗಿರಬೇಕು, ಚಿಪ್ ಜಾರಿಹೋಗಲು ಇಳಿಜಾರು ಬೇಕು, ವೇಗ ಸಾಕಷ್ಟಿರಬೇಕು, ಕಟ್ ಆಗುವ ಜಾಗ ಒದ್ದೆಯಾಗಿರಬೇಕು.

ಯಾವ ರಾಡ್ ತರಬೇಕು

ಅಂಗಡಿಯಲ್ಲಿ ಬರೀ "ಅಲ್ಯೂಮಿನಿಯಂ ರಾಡ್ ಕೊಡಿ" ಎಂದರೆ ಕೈಗೆ ಬಂದದ್ದನ್ನು ಕೊಡುತ್ತಾರೆ. ಗ್ರೇಡ್ ಹೇಳಿ ಕೇಳಿ. ನಮ್ಮ ಮಾರುಕಟ್ಟೆಯಲ್ಲಿ ಹಳೆಯ ಬ್ರಿಟಿಷ್ ಹೆಸರುಗಳು ಇನ್ನೂ ಬಳಕೆಯಲ್ಲಿವೆ. ಎಚ್‌ಇ 30 ಎಂದರೆ 6082, ಎಚ್‌ಇ 20 ಎಂದರೆ 6061, ಎಚ್‌ಇ 9 ಎಂದರೆ ಕಿಟಕಿ ಬಾಗಿಲಿನ ಸೆಕ್ಷನ್‌ಗೆ ಬಳಸುವ 6063. ನನ್ನ ಆಯ್ಕೆ 6082 ಅಥವಾ 6061, ಅದೂ ಟಿ6 ಸ್ಥಿತಿಯದು, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ್ದು. ಲೋಹ ಗಟ್ಟಿಯಾದಷ್ಟೂ ಫಿನಿಶ್ ಸುಲಭ. 6063 ಮೆತ್ತಗೆ, ಎಳೆದಂತೆ ಬರುತ್ತದೆ. ಶುದ್ಧ ಅಲ್ಯೂಮಿನಿಯಂ ಅದಕ್ಕಿಂತಲೂ ಕಷ್ಟ. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ವರ್ಕ್‌ಶಾಪ್‌ಗಳಲ್ಲಿ ರಾಡ್‌ನ ತುಂಡುಗಳು ಉಳಿದಿರುತ್ತವೆ. ವಿಚಾರಿಸಿದರೆ ತೂಕದ ಲೆಕ್ಕದಲ್ಲಿ ಕೊಡುವವರು ಸಿಗುತ್ತಾರೆ, ಗ್ರೇಡ್ ಯಾವುದೆಂದೂ ಅವರಿಗೆ ಗೊತ್ತಿರುತ್ತದೆ.

ಗುಜರಿಯಿಂದ ತಂದ ಎರಕದ ತುಂಡುಗಳ ವಿಷಯ ಬೇರೆ. ಪಿಸ್ಟನ್‌ಗೆ ಬಳಸುವ ಅಲ್ಯೂಮಿನಿಯಂನಲ್ಲಿ ಸಾಮಾನ್ಯವಾಗಿ ಸುಮಾರು 12% ಸಿಲಿಕಾನ್ ಇರುತ್ತದೆ. ಅದು ಹೈಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನ ಟೂಲ್‌ನ ಅಂಚನ್ನು ಮರಳಿನ ಹಾಗೆ ತಿನ್ನುತ್ತದೆ, ಮೈಯೂ ಬೂದು ಬಣ್ಣಕ್ಕೇ ನಿಲ್ಲುತ್ತದೆ. ಅದಕ್ಕೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಟೂಲ್ ಬೇಕು. ಇನ್ನೊಂದು ಎಚ್ಚರಿಕೆ: ತುಂಡು ತೀರಾ ಹಗುರ ಎನಿಸಿದರೆ ಅದು ಮೆಗ್ನೀಸಿಯಂ ಇರಬಹುದು. ಅಲ್ಯೂಮಿನಿಯಂನ ಸಾಂದ್ರತೆ 2.7, ಮೆಗ್ನೀಸಿಯಂನದು 1.74. ಒಂದು ಮೂಲೆಯನ್ನು ಫೈಲ್ ಮಾಡಿ ಒಂದು ಹನಿ ವಿನೆಗರ್ ಬಿಡಿ. ನೊರೆಗುಟ್ಟಿದರೆ ಮೆಗ್ನೀಸಿಯಂ. ಅದರ ಸಣ್ಣ ಚಿಪ್‌ಗೆ ಬೆಂಕಿ ಹತ್ತಿದರೆ ನೀರಿನಿಂದ ಆರುವುದಿಲ್ಲ, ಇನ್ನೂ ಕೆರಳುತ್ತದೆ. ಅಂಥದ್ದನ್ನು ಮನೆಯ ಲೇತ್‌ಗೆ ಹಾಕಲೇಬೇಡಿ.

ಟೂಲ್‌ಗೆ ಸಾಣೆ

ಇಲ್ಲಿ ಆತುರ ಬೇಡ. ಅರ್ಧ ದಿನ ಹೋದರೂ ಹೋಗಲಿ.

ಮಂಡ್ಯದಲ್ಲಿ ಆಲೆಮನೆಗಳ ಗಾಣದ ಶಾಫ್ಟ್ ರಿಪೇರಿ ಮಾಡುವ ಹಿರಿಯ ಟರ್ನರ್ ಒಬ್ಬರಿಗೆ ನನ್ನ ಮೊದಲ ಬಿಲ್ಲೆ ತೋರಿಸಿದ್ದೆ. ಅವರು ಬಿಲ್ಲೆಯನ್ನು ಪಕ್ಕಕ್ಕಿಟ್ಟು, "ಟೂಲ್ ಎಲ್ಲಪ್ಪ? ಅದ್ನ ಕೊಡು" ಅಂದರು. ಕೊಟ್ಟೆ. ಹೆಬ್ಬೆರಳಿನ ಉಗುರಿನ ಮೇಲೆ ಅಂಚನ್ನು ಓರೆಯಾಗಿ ಇಟ್ಟು, ಒತ್ತದೆ ಹಾಗೇ ಬಿಟ್ಟರು. ಜಾರಿತು. "ನೋಡು, ಜಾರ್ತಾ ಅದೆ. ಉಗುರನ್ನೇ ಕಚ್ಚಕ್ಕಾಗ್ದಿರೋದು ಅಲ್ಯೂಮಿನಿಯಂನ ಏನ್ ಕತ್ತರಿಸ್ತದೆ?" ಅಂದಿನಿಂದ ಉಗುರನ್ನು ಕಚ್ಚದ ಟೂಲ್ ನನ್ನ ಲೇತ್‌ನ ಟೂಲ್ ಪೋಸ್ಟ್ (ಟೂಲ್ ಹಿಡಿಯುವ ಭಾಗ) ಏರಿಲ್ಲ.

8 ಅಥವಾ 10 ಮಿ.ಮೀ. ಚೌಕದ ಹೈಸ್ಪೀಡ್ ಸ್ಟೀಲ್ ಬಿಟ್ ತೆಗೆದುಕೊಳ್ಳಿ. ರಕ್ಷಣಾ ಕನ್ನಡಕ ಹಾಕಿಕೊಂಡು ಬೆಂಚ್ ಗ್ರೈಂಡರ್‌ನಲ್ಲಿ ಮೊದಲು ಎಡಬದಿ, ಆಮೇಲೆ ಮುಂಭಾಗ ಸಾಣೆ ಹಿಡಿಯಿರಿ. ಎರಡೂ ಕಡೆ ಅಂಚಿನ ಕೆಳಗೆ ಮೈ 8ರಿಂದ 10 ಡಿಗ್ರಿ ಒಳಕ್ಕೆ ಸರಿದಿರಬೇಕು, ಇಲ್ಲವಾದರೆ ಟೂಲ್‌ನ ಹೊಟ್ಟೆ ಜಾಬ್‌ಗೆ ಉಜ್ಜುತ್ತದೆ. ಕೊನೆಗೆ ಮೇಲ್ಮೈ. ಕತ್ತರಿಸುವ ಅಂಚಿನಿಂದ ಬಲಕ್ಕೆ 15ರಿಂದ 20 ಡಿಗ್ರಿ ಇಳಿಜಾರು ಕೊಡಿ. ಉಕ್ಕಿಗೆ ಕೊಡುವುದಕ್ಕಿಂತ ಇದು ಹೆಚ್ಚು. ಚಿಪ್ ಒತ್ತಿಕೊಳ್ಳದೆ ಸರ್ರನೆ ಜಾರಿಹೋಗಲು ಬೇಕಾದ ದಾರಿ ಇದು. ಬಿಟ್ ಬಿಸಿಯಾಗುತ್ತಿರುವಾಗಲೇ ಆಗಾಗ ನೀರಿಗೆ ಅದ್ದುತ್ತಿರಿ. ಕೆಂಪಗೆ ಕಾದ ಮೇಲೆ ಅದ್ದಿದರೆ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಅದೇ ಗ್ರೈಂಡರ್ ಕಲ್ಲಿಗೆ ಅಲ್ಯೂಮಿನಿಯಂ ತುಂಡು ಯಾವತ್ತೂ ಹಿಡಿಯಬೇಡಿ. ಕಲ್ಲಿನ ರಂಧ್ರಗಳಲ್ಲಿ ಲೋಹ ತುಂಬಿಕೊಂಡು ಕಲ್ಲು ಕಾದು ಒಡೆಯುವ ಅಪಾಯವಿದೆ.

ಗ್ರೈಂಡರ್ ಬಿಟ್ಟ ಗೀರುಗಳು ಹಾಗೇ ಜಾಬ್‌ನ ಮೇಲೆ ಅಚ್ಚಾಗುತ್ತವೆ. ಆದ್ದರಿಂದ ಎಣ್ಣೆಕಲ್ಲಿನ ಕೆಲಸವನ್ನು ಬಿಡುವಂತಿಲ್ಲ. ಕಲ್ಲಿಗೆ ಎರಡು ಹನಿ ಎಣ್ಣೆ ಹಾಕಿ ಮೂರೂ ಮೈಗಳನ್ನು ತೀಡಿ. ಮೇಲ್ಮೈಯನ್ನು ಹೊಳೆಯುವವರೆಗೆ ತೀಡಿ, ಏಕೆಂದರೆ ಚಿಪ್ ಜಾರುವುದು ಅದರ ಮೇಲೆಯೇ. ಬಳಿಕ ಎರಡು ಅಂಚು ಸೇರುವ ಮೂಲೆಯನ್ನು ಕಲ್ಲಿನ ಮೇಲೆ ಬಳುಕಿಸುತ್ತಾ ದುಂಡು ಮಾಡಿ. ಸಣ್ಣ ಲೇತ್‌ಗೆ 0.4ರಿಂದ 0.8 ಮಿ.ಮೀ. ತ್ರಿಜ್ಯ ಸಾಕು.

ಈ ದುಂಡು ಮೂಗಿಗೂ ಫಿನಿಶ್‌ಗೂ ನೇರ ಲೆಕ್ಕವಿದೆ. ರಾಡನ್ನು ಹಿಡಿದು ತಿರುಗಿಸುವ ಚಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಎಷ್ಟು ಮುಂದೆ ಹೋಗುತ್ತದೋ ಅದು ಫೀಡ್. ಫೀಡನ್ನು ಅದರಿಂದಲೇ ಗುಣಿಸಿ, ಮೂಗಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಮೈಮೇಲೆ ಉಳಿಯುವ ಗೆರೆಗಳ ಎತ್ತರ ಸಿಗುತ್ತದೆ. 0.4 ಮಿ.ಮೀ. ಮೂಗಿಗೆ 0.2 ಮಿ.ಮೀ. ಫೀಡ್ ಕೊಟ್ಟರೆ ಗೆರೆ 12.5 ಮೈಕ್ರಾನ್ ಎತ್ತರ, ಕಣ್ಣಿಗೂ ಉಗುರಿಗೂ ಗೊತ್ತಾಗುತ್ತದೆ. ಫೀಡನ್ನು 0.1ಕ್ಕೆ ಇಳಿಸಿದರೆ 3.1 ಮೈಕ್ರಾನ್, 0.05ಕ್ಕೆ ಇಳಿಸಿದರೆ 0.8. ಫೀಡ್ ಅರ್ಧವಾದರೆ ಗೆರೆ ಕಾಲು ಭಾಗಕ್ಕಿಳಿಯುತ್ತದೆ. ಮೂಗು ದೊಡ್ಡದಾದಷ್ಟೂ ಗೆರೆ ತಗ್ಗುವುದು ನಿಜ. ಆದರೆ ಹಗುರ ಲೇತ್‌ನಲ್ಲಿ 1 ಮಿ.ಮೀ. ದಾಟಿದ ಮೂಗು ಜಾಬನ್ನು ನಡುಗಿಸತೊಡಗುತ್ತದೆ. ಹಿಂದೂಸ್ತಾನ್ ಮೆಷಿನ್ ಟೂಲ್ಸ್‌ನ ಲೇತ್, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳ ಎರಕದ ಭಾರ ಅಂಥ ನಡುಕವನ್ನು ನುಂಗಿಕೊಳ್ಳುತ್ತದೆ. ಮೇಜಿನ ಮೇಲಿನ ಲೇತ್‌ಗೆ ಆ ಶಕ್ತಿಯಿಲ್ಲ.

ಸಾಣೆ ಹಿಡಿಯಲು ಅನುಕೂಲವಿಲ್ಲದವರಿಗೆ ಇನ್ಸರ್ಟ್ ಇದೆ, ಅಂದರೆ ಟೂಲ್‌ನ ತುದಿಗೆ ಸ್ಕ್ರೂ ಹಾಕಿ ಕೂರಿಸುವ ಸಿದ್ಧ ಕಾರ್ಬೈಡ್ ತುಣುಕು. ಅಂಗಡಿಯಲ್ಲಿ ಸಿಸಿಜಿಟಿ 060204, ಅಲ್ಯೂಮಿನಿಯಂಗೆ ಎಂದು ಹೇಳಿ ಕೇಳಿ. ಕೊನೆಯ 04 ಎಂದರೆ 0.4 ಮಿ.ಮೀ. ಮೂಗು. ಮೂರನೆಯ ಅಕ್ಷರ "ಜಿ" ಇರಬೇಕು, ಅದು ಸಾಣೆ ಹಿಡಿದು ಅಳತೆಗೆ ತಂದ ಇನ್ಸರ್ಟ್. ಉಕ್ಕಿನ ಕೆಲಸಕ್ಕೆ ಬರುವ ಸಿಸಿಎಂಟಿ ಇನ್ಸರ್ಟ್‌ನ ಅಂಚನ್ನು ಬೇಕೆಂದೇ ಚೂರು ಮೊಂಡು ಮಾಡಿರುತ್ತಾರೆ. ಅಲ್ಯೂಮಿನಿಯಂನದು ಲೇಪನವಿಲ್ಲದೆ ಬೆಳ್ಳಗೆ, ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಕಪ್ಪು ಅಥವಾ ನೇರಳೆ ಲೇಪನದ್ದು ಬೇಡ. ಆ ಲೇಪನದಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಸೇರಿರುತ್ತದೆ, ಚಿಪ್ ಅದಕ್ಕೆ ಇನ್ನಷ್ಟು ಅಂಟುತ್ತದೆ.

ಟೂಲ್ ಎತ್ತರ, ಬಿಗಿ

ಟೂಲ್ ತುದಿ ಜಾಬ್‌ನ ನಡುಮಟ್ಟಕ್ಕೆ ಸರಿಯಾಗಿರಬೇಕು. ಚಕ್ ನಿಲ್ಲಿಸಿ, ರಾಡ್‌ಗೂ ಟೂಲ್ ತುದಿಗೂ ನಡುವೆ ತೆಳುವಾದ ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆ ಬಾಗಿದರೆ ಟೂಲ್ ಕೆಳಗಿದೆ, ಆಚೆ ಬಾಗಿದರೆ ಮೇಲಿದೆ. ಅಡಿಗೆ ತಗಡಿನ ಚೂರು ಕೊಟ್ಟು ಸರಿಮಾಡಿ, ಆಮೇಲೆ ಫೇಸಿಂಗ್ ಮಾಡಿ, ಅಂದರೆ ರಾಡ್‌ನ ತುದಿಯ ಮೈ ಹೆರೆದು, ನೋಡಿ. ನಡುವೆ ಮೊಳೆಯಂಥ ಮೊಟಕು ಉಳಿಯದಿದ್ದರೆ ಆಯಿತು.

ಟೂಲ್ ಪೋಸ್ಟ್‌ನಿಂದ ಟೂಲ್ ಎಷ್ಟು ಕಡಿಮೆ ಹೊರಗೆ ಚಾಚಿದ್ದರೆ ಅಷ್ಟು ಒಳ್ಳೆಯದು, ನಾನು 12 ಮಿ.ಮೀ. ದಾಟಲು ಬಿಡುವುದಿಲ್ಲ. ರಾಡ್ ಚಕ್‌ನಿಂದ ತನ್ನ ವ್ಯಾಸದ ಮೂರರಷ್ಟಕ್ಕಿಂತ ಹೆಚ್ಚು ಹೊರಗಿದ್ದರೆ ಆಚೆ ತುದಿಗೆ ಟೈಲ್‌ಸ್ಟಾಕ್‌ನ ಆಸರೆ ಕೊಡಿ. ಟೂಲನ್ನು ಸರಿಸುವ ಸ್ಲೈಡ್‌ಗಳ ಸಡಿಲ ತೆಗೆಯುವ ಗಿಬ್ ಸ್ಕ್ರೂಗಳನ್ನು ಬಿಗಿ ಮಾಡಿ. ಹ್ಯಾಂಡಲ್ ತಿರುಗಿಸಿದರೆ ಸ್ವಲ್ಪ ಜಡ ಎನಿಸಬೇಕು, ಗಟ್ಟಿ ಹಿಡಿದುಕೊಳ್ಳಬಾರದು. ಟೂಲ್ ಪೋಸ್ಟ್ ಅಡಿಯ ಕಾಂಪೌಂಡ್ ಸ್ಲೈಡ್ ಬಳಸದಿದ್ದಾಗ ಅದರ ಗಿಬ್ ಪೂರ್ತಿ ಬಿಗಿಯಾಗಿರಲಿ. ಸಣ್ಣ ಲೇತ್‌ಗಳಲ್ಲಿ ನಡುಕದ ಮೂಲ ಬಹಳ ಸಲ ಅಲ್ಲೇ ಇರುತ್ತದೆ.

ವೇಗ ಮತ್ತು ಫೀಡ್

ಹೈಸ್ಪೀಡ್ ಸ್ಟೀಲ್ ಟೂಲ್‌ಗೆ, ಜಾಬ್‌ನ ಮೈ ಟೂಲ್ ಮುಂದೆ ನಿಮಿಷಕ್ಕೆ 100 ಮೀಟರ್ ಹಾಯುವ ವೇಗ ಒಳ್ಳೆಯ ಆರಂಭ. ಇದನ್ನು ಆರ್‌ಪಿಎಂಗೆ ಬದಲಿಸಲು ಬಾಯಿಲೆಕ್ಕ ಸಾಕು: 32,000ವನ್ನು ಮಿಲಿಮೀಟರ್ ವ್ಯಾಸದಿಂದ ಭಾಗಿಸಿ. 16 ಮಿ.ಮೀ. ರಾಡ್‌ಗೆ 2000, 25ಕ್ಕೆ 1280, 40ಕ್ಕೆ 800. ಕಾರ್ಬೈಡ್‌ಗೆ ಇದರ ಎರಡರಷ್ಟಾದರೂ ಬೇಕು, ಲೇತ್ ಮತ್ತು ಚಕ್ ತಡೆಯುವಷ್ಟರ ಮಟ್ಟಿಗೆ. ಚಕ್ ಮೇಲೆ ಅಚ್ಚು ಹಾಕಿದ ಗರಿಷ್ಠ ವೇಗವನ್ನು ಮೀರಬೇಡಿ. ಹಳೆಯ ಬೆಲ್ಟ್ ಲೇತ್ ಇದ್ದು 500ಕ್ಕಿಂತ ಮೇಲೆ ಹೋಗದಿದ್ದರೆ ಚಿಂತೆ ಬೇಡ. 25 ಮಿ.ಮೀ. ರಾಡ್‌ಗೆ ಅದು ಸುಮಾರು 39 ಮೀಟರ್ ಆಗುತ್ತದೆ. ಗಂಟು ಕಟ್ಟುವ ಸಾಧ್ಯತೆ ಹೆಚ್ಚು, ಆದರೂ ಚೆನ್ನಾಗಿ ತೀಡಿದ ಹೈಸ್ಪೀಡ್ ಸ್ಟೀಲ್ ಮತ್ತು ಸೀಮೆಎಣ್ಣೆ ಸೇರಿದರೆ ಒಳ್ಳೆಯ ಮೈ ಬಂದೇ ಬರುತ್ತದೆ. ಅಲ್ಲಿ ಕಾರ್ಬೈಡ್ ಆಸೆ ಬಿಡಿ.

ಫಿನಿಶ್ ಕಟ್‌ಗೆ ಕೈಯಿಂದ ಫೀಡ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಎಷ್ಟು ಪಳಗಿದ ಕೈಯಾದರೂ ಎಲ್ಲೋ ಒಂದು ಕಡೆ ತಡೆಯುತ್ತದೆ, ಅಲ್ಲೊಂದು ಉಂಗುರ ಬೀಳುತ್ತದೆ. ಆಟೋ ಫೀಡ್ ಹಾಕಿ. ಟೂಲನ್ನು ತಾನಾಗಿ ಸಾಗಿಸುವ ಲೀಡ್‌ಸ್ಕ್ರೂವಿನ ಪಿಚ್ ನನ್ನ ಲೇತ್‌ನಲ್ಲಿ 1.5 ಮಿ.ಮೀ. 20-80, 20-80 ಹಲ್ಲಿನ ಗೇರ್ ಜೋಡಿಸಿದರೆ ಫೀಡ್ ಹದಿನಾರನೇ ಒಂದು ಭಾಗಕ್ಕಿಳಿದು ಸುಮಾರು 0.094 ಮಿ.ಮೀ. ಆಗುತ್ತದೆ. ಇದಕ್ಕೆ 0.8 ಮಿ.ಮೀ. ಮೂಗು ಕೊಟ್ಟರೆ ಲೆಕ್ಕದ ಪ್ರಕಾರ ಗೆರೆ 1.4 ಮೈಕ್ರಾನ್. ಅಷ್ಟಾದರೆ ಕಿಟಕಿ ಕಾಣುತ್ತದೆ.

ಸೀಮೆಎಣ್ಣೆ

ಅಲ್ಯೂಮಿನಿಯಂಗೆ ಸೀಮೆಎಣ್ಣೆಯನ್ನು ಹಳಬರು ಸುಮ್ಮನೆ ಹೇಳಿದ್ದಲ್ಲ. ತೆಳು ದ್ರವ, ಚಿಪ್‌ಗೂ ಟೂಲ್‌ಗೂ ನಡುವೆ ನುಸುಳುತ್ತದೆ. ಸ್ವಲ್ಪ ಮೆಷಿನ್ ಎಣ್ಣೆ ಬೆರೆಸಿದರೆ ಇನ್ನೂ ಉತ್ತಮ. ಸೀಮೆಎಣ್ಣೆ ಸಿಗದಿದ್ದರೆ ಡಬ್ಲ್ಯೂಡಿ-40 ಕೂಡ ಸಣ್ಣ ಕೆಲಸಕ್ಕೆ ಆಗುತ್ತದೆ. ನೀರಿನಲ್ಲಿ ಬೆರೆಸುವ ಕಟಿಂಗ್ ಆಯಿಲನ್ನೂ ಬಳಸಬಹುದು, ಕೆಲಸವಾದ ಕೂಡಲೇ ಜಾಬನ್ನು ಒರೆಸಿ, ಇಲ್ಲದಿದ್ದರೆ ಕಲೆ ಕೂರುತ್ತದೆ.

ಸಣ್ಣ ಬ್ರಷ್‌ನಿಂದ, ಟೂಲ್ ಮುಂದೆ ಕತ್ತರಿಸಬೇಕಿರುವ ಮೈಗೆ ಹಚ್ಚುತ್ತಾ ಹೋಗಿ. ಬ್ರಷ್ ಚಕ್‌ನ ಹತ್ತಿರ ಹೋಗಕೂಡದು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೀಡಿ ಸಿಗರೇಟ್ ಬೇಡ, ಬೆಂಚ್ ಗ್ರೈಂಡರ್‌ನ ಕಿಡಿ ಈ ಕಡೆ ಬರದಿರಲಿ. ಜಾಬ್‌ನಿಂದ ಹೊಗೆ ಏಳುತ್ತಿದ್ದರೆ ನಿಲ್ಲಿಸಿ ಟೂಲ್ ನೋಡಿ. ಅದು ಕತ್ತರಿಸುವುದನ್ನು ಬಿಟ್ಟು ಉಜ್ಜುತ್ತಿದೆ.

ಒಂದು ಜಾಬ್, ಆರಂಭದಿಂದ ಕೊನೆಯವರೆಗೆ

25 ಮಿ.ಮೀ. ರಾಡನ್ನು 22.00ಕ್ಕೆ ತರಬೇಕು ಎಂದುಕೊಳ್ಳಿ. ರಫ್ ಕಟ್‌ಗೆ ಬೇರೆ ಟೂಲ್ ಇಟ್ಟುಕೊಳ್ಳಿ. ಫಿನಿಶ್ ಟೂಲನ್ನು ರಫ್ ಕೆಲಸಕ್ಕೆ ದುಡಿಸಬೇಡಿ. 0.5 ಮಿ.ಮೀ. ಆಳದ ಎರಡು ಕಟ್‌ಗೆ 23ಕ್ಕೆ ಬರುತ್ತದೆ, 0.3 ಆಳದ ಇನ್ನೊಂದಕ್ಕೆ 22.4. ಇಲ್ಲಿ ನಿಲ್ಲಿಸಿ. ಜಾಬ್ ಬಿಸಿಯಾಗಿದ್ದರೆ ಆರಲಿ. ಅಲ್ಯೂಮಿನಿಯಂ 30 ಡಿಗ್ರಿ ಬಿಸಿಯೇರಿದರೆ 25 ಮಿ.ಮೀ.ನಲ್ಲಿ ಸುಮಾರು 0.017 ಮಿ.ಮೀ. ಹಿಗ್ಗುತ್ತದೆ. ಬಿಸಿ ಇರುವಾಗ ಅಳೆದು ಸರಿ ಎಂದುಕೊಂಡರೆ ಆರಿದ ಮೇಲೆ ಸಣ್ಣದಾಗಿರುತ್ತದೆ.

ಈಗ ಫಿನಿಶ್ ಟೂಲ್ ಹಾಕಿ. ಉಳಿದ 0.4ನ್ನು ಒಂದೇ ಸಲ ತೆಗೆಯದೆ ಎರಡು ಸಮ ಕಟ್ ಮಾಡಿ, ಒಂದೊಂದರ ಆಳ 0.1 ಮಿ.ಮೀ. ಮೊದಲ ಕಟ್ ಆದ ಮೇಲೆ ಮೈಕ್ರೋಮೀಟರ್ 22.20 ತೋರಿಸಬೇಕು. 22.23 ತೋರಿಸಿತು ಎನ್ನಿ. ಅಂದರೆ ಟೂಲ್ ಮತ್ತು ಜಾಬ್ ಅಷ್ಟು ಬಾಗಿ 0.03 ಬಿಟ್ಟಿವೆ. ಎರಡನೇ ಕಟ್‌ನ ಆಳ ಮೊದಲಿನಷ್ಟೇ ಆದ್ದರಿಂದ ಬಾಗುವುದೂ ಅಷ್ಟೇ. ಡಯಲ್‌ನಲ್ಲಿ ಆಳವನ್ನು 0.015 ಹೆಚ್ಚಿಸಿದರೆ 22.00ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಡಯಲ್ ಆಳ ತೋರಿಸುತ್ತದೋ ವ್ಯಾಸ ತೋರಿಸುತ್ತದೋ ಮೊದಲೇ ತಿಳಿದಿರಿ. ಡಯಲನ್ನು ಯಾವಾಗಲೂ ಒಳಕ್ಕೆ ತಿರುಗಿಸುತ್ತಲೇ ಅಳತೆಗೆ ತನ್ನಿ. ದಾಟಿಹೋದರೆ ಒಂದು ಸುತ್ತು ಹಿಂದೆ ಬಂದು ಮತ್ತೆ ಒಳಕ್ಕೆ ಹೋಗಿ.

ಕೊನೆಗೆ ಕೂದಲೆಳೆಯಷ್ಟು ತೆಗೆಯೋಣ ಎಂದು 0.01 ಆಳ ಕೊಡುವುದು ಬಹಳ ಜನ ಮಾಡುವ ತಪ್ಪು. ಅಷ್ಟು ತೆಳುವಾದರೆ ಅಂಚು ಲೋಹದೊಳಗೆ ಕಚ್ಚುವುದಿಲ್ಲ, ಮೇಲೆಯೇ ಜಾರುತ್ತದೆ, ಮೈ ಮಬ್ಬಾಗುತ್ತದೆ. 0.1 ಆಳ ಕೊಟ್ಟರೆ ಟೂಲ್‌ಗೆ ಹಿಡಿತ ಸಿಗುತ್ತದೆ.

ಕಟ್ ಮುಗಿದಾಗ ಫೀಡ್ ಬಿಡಿಸಿ, ಚಕ್ ನಿಲ್ಲಿಸಿ, ಟೂಲನ್ನು ಹೊರಕ್ಕೆ ಎಳೆದು, ಆಮೇಲೆಯೇ ಟೂಲ್ ಹೊತ್ತು ಸಾಗುವ ಸ್ಯಾಡಲ್ ಹಿಂದಕ್ಕೆ ತನ್ನಿ. ತಿರುಗುತ್ತಿರುವ ಜಾಬ್ ಮೇಲೆ ಟೂಲನ್ನು ಹಿಂದಕ್ಕೆ ತಂದರೆ ಹೊಸ ಮೈಯ ಉದ್ದಕ್ಕೂ ಸ್ಪ್ರಿಂಗ್‌ನಂಥ ಗೆರೆ ಬೀಳುತ್ತದೆ. ಅಲ್ಯೂಮಿನಿಯಂ ಚಿಪ್ ಉದ್ದನೆಯ ಎಳೆಯಾಗಿ ಬಂದು ಜಾಬ್‌ಗೆ ಸುತ್ತಿಕೊಂಡು ಗೀಚುವುದೂ ಉಂಟು. ಅದನ್ನು ಕೈಯಿಂದ ಎಳೆಯಬೇಡಿ, ಬ್ಲೇಡಿನಷ್ಟೇ ಹರಿತ. ಲೇತ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ. ಕೈಗವಸು, ಸಡಿಲ ತೋಳು, ಜನಿವಾರ, ಸರ ಯಾವುದೂ ತಿರುಗುವ ಚಕ್ ಬಳಿ ಇರಬಾರದು.

ಜಾಬ್ ಹೇಳುವುದನ್ನು ಓದುವುದು

ಮಬ್ಬು, ಹರಿದ ಮೈ ಕಂಡರೆ ಟೂಲ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬೆಳ್ಳಗಿನ ಗಂಟು ಕಾಣುತ್ತದೆ. ಕಲ್ಲಿನಿಂದ ತೀಡಿ ತೆಗೆದು, ವೇಗ ಹೆಚ್ಚಿಸಿ, ಸೀಮೆಎಣ್ಣೆ ಹೆಚ್ಚು ಹಚ್ಚಿ. ಗ್ರಾಮಫೋನ್ ತಟ್ಟೆಯಂತೆ ಸಮನಾದ ಗೆರೆಗಳಿದ್ದರೆ ಟೂಲ್ ಹರಿತವಾಗಿಯೇ ಇದೆ, ಫೀಡ್ ಹೆಚ್ಚು ಅಥವಾ ಮೂಗು ಚೂಪು. ಮೀನಿನ ಹುರುಪೆಯಂಥ ವಿನ್ಯಾಸದ ಜೊತೆ ಕಿರ್ ಎನ್ನುವ ಸದ್ದು ಬಂದರೆ ಅದು ನಡುಕ. ಮೊದಲು ಆರ್‌ಪಿಎಂ ಇಳಿಸಿ, ಫೀಡ್ ಚೂರು ಏರಿಸಿ, ಆಮೇಲೆ ಗಿಬ್, ಟೂಲ್ ಚಾಚು, ಮೂಗಿನ ಅಳತೆ ನೋಡಿ. ಜಾಬ್ ಸುತ್ತ ಓರೆ ಪಟ್ಟೆಗಳು ಸಮ ಅಂತರದಲ್ಲಿ ಕಂಡರೆ ಟೂಲ್‌ನ ತಪ್ಪಲ್ಲ. ಬೆಲ್ಟ್‌ನ ಗಂಟು, ಗೇರ್ ಅಥವಾ ಸ್ಪಿಂಡಲ್ ಬೇರಿಂಗ್ ಕಡೆ ಹುಡುಕಿ.

ಕೊನೆಯ ಪಾಲಿಷ್

ಟೂಲ್‌ನಿಂದಲೇ ಮೈ ಚೆನ್ನಾಗಿ ಬಂದಿದ್ದರೆ ನಾನು ಪೇಪರ್ ಮುಟ್ಟುವುದಿಲ್ಲ. ಟೂಲ್ ಬಿಟ್ಟ ಮೈಯ ಬೆಳಕೇ ಬೇರೆ. ಕನ್ನಡಿಯೇ ಬೇಕೆಂದರೆ 800, ಆಮೇಲೆ 1200 ನಂಬರಿನ ವಾಟರ್ ಪೇಪರನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಎರಡೂ ತುದಿ ಹಿಡಿದು ಹಗುರಾಗಿ ತಾಗಿಸಿ. ಪೇಪರನ್ನು ಬೆರಳಿಗಾಗಲಿ ಜಾಬ್‌ಗಾಗಲಿ ಸುತ್ತಬೇಡಿ, ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಪೇಪರಿನ ಮರಳು ಲೇತ್‌ನ ಬೆಡ್ ಮೇಲೆ ಬೀಳದಂತೆ ದಿನಪತ್ರಿಕೆ ಹಾಸಿ, ಅದು ಚಕ್‌ಗೆ ತಾಗದಂತೆ ನೋಡಿಕೊಳ್ಳಿ. ಕಡೆಗೆ ಚಕ್ ನಿಲ್ಲಿಸಿ, ಬಟ್ಟೆಯಲ್ಲಿ ಬ್ರಾಸೋ ಹಾಕಿ ಕೈಯಿಂದಲೇ ತಿಕ್ಕಿ.

ಜಾಬನ್ನು ಚಕ್‌ನಲ್ಲಿ ತಿರುಗಿಸಿ ಹಿಡಿಯಬೇಕಾದರೆ ತಂಪು ಪಾನೀಯದ ಕ್ಯಾನ್ ಕತ್ತರಿಸಿದ ಪಟ್ಟಿಯನ್ನು ಸುತ್ತಿ, ದವಡೆಯ ಗುರುತು ಬೀಳುವುದಿಲ್ಲ. ಮುಗಿದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ತೊಳೆದು ಒಣಗಿಸಿ, ತೆಳ್ಳಗೆ ಕಾರ್ ವ್ಯಾಕ್ಸ್ ಹಚ್ಚಿ. ಬೈಕಿಗೆ ಹಾಕುವಾಗ ಉಕ್ಕಿನ ಬೋಲ್ಟ್ ತಾಗುವ ಜಾಗಕ್ಕೆ ಗ್ರೀಸ್ ಸವರಿ. ಮಳೆನೀರು ನಡುವೆ ನಿಂತರೆ ಎರಡು ಲೋಹಗಳು ಸೇರುವಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯತೊಡಗುತ್ತದೆ.